ಮರ, ಕಟ್ಟಿಗೆ, ನಾಟಾ: ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಹಲವು ‘ಮರ’ ಎಂಬ ಒಂದೇ ಪದದ ಸುತ್ತ ಇವೆ. ಆದ್ದರಿಂದ ಬೇರೆ ವಿಷಯದ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟುಕೊಂಡು ಇವನ್ನೇ ಒಟ್ಟಿಗೆ ಉತ್ತರಿಸಿದ್ದೇನೆ. ಪತ್ರಗಳು ಉದ್ದವಾಗಿದ್ದುದರಿಂದ ಅವುಗಳ ಸಾರವನ್ನು ಮಾತ್ರ ಕೊಟ್ಟಿದೆ.

ಪ್ರಶ್ನೆ: ನಾನು ಕುಮಟಾ ತಾಲೂಕಿನ ಪ್ರೌಢಶಾಲೆಯಲ್ಲಿ ಕನ್ನಡ ಕಲಿಸುತ್ತೇನೆ. ‘ಮರ’ ಪದಕ್ಕೆ ಸಮಾನಾರ್ಥಕಗಳನ್ನು ಬರೆಯಿರಿ ಎಂದಾಗ ಒಬ್ಬ ವಿದ್ಯಾರ್ಥಿ ವೃಕ್ಷ, ತರು, ಕಾಷ್ಠ, ದಾರು, ಕಟ್ಟಿಗೆ ಎಂದು ಬರೆದ. ಅವನ ಮನೆಯವರು ಹಳಿಯಾಳದ ಕಡೆಯವರು. ಕಟ್ಟಿಗೆ ಎಂದರೆ ಒಲೆಗೆ ಹಾಕುವುದು, ಅದು ಮರ ಹೇಗಾದೀತು ಎಂದು ಉಳಿದ ಮಕ್ಕಳು ತಕರಾರು ತೆಗೆದರು. ಅಂಕ ಕೊಡಬೇಕೋ ಬೇಡವೋ ತಿಳಿಯದಾಗಿದೆ. (ಕುಮಟಾದಿಂದ ಒಬ್ಬ ಶಿಕ್ಷಕಿ)

ಉತ್ತರ: ಆ ಹುಡುಗನ ಮಾತೂ ಸರಿ, ಉಳಿದ ಮಕ್ಕಳ ಮಾತೂ ಸರಿ. ತೊಡಕು ಇರುವುದು ಪ್ರಶ್ನೆಯಲ್ಲಿ. ಕನ್ನಡದ ‘ಮರ’ ಒಂದೇ ಉಸಿರಿನಲ್ಲಿ ಎರಡು ಸಂಗತಿಗಳನ್ನು ಹೇಳುತ್ತದೆ. ನೆಲದಲ್ಲಿ ಬೇರುಬಿಟ್ಟು ನಿಂತಿರುವುದೂ ಮರ, ಅದನ್ನು ಕಡಿದ ಮೇಲೆ ಕೈಗೆ ಸಿಗುವ ವಸ್ತುವೂ ಮರ. ‘ಮರದ ನೆರಳು’ ಎಂದಾಗ ಮೊದಲನೆಯದು, ‘ಮರದ ಬಾಗಿಲು’ ಎಂದಾಗ ಎರಡನೆಯದು. ‘ಮರದ ಮನೆ’ ಎಂದರೆ ಹಲಗೆಗಳಿಂದ ಕಟ್ಟಿದ ಮನೆಯೋ, ಕೊಂಬೆಗಳ ನಡುವೆ ಕಟ್ಟಿದ ಅಟ್ಟಣಿಗೆಯೋ ಎಂಬುದು ಮುಂದಿನ ಮಾತು ಕೇಳದೆ ಗೊತ್ತಾಗುವುದಿಲ್ಲ. ಈ ಸ್ವಭಾವ ಕನ್ನಡಕ್ಕೆ ಮಾತ್ರ ಸೇರಿದ್ದಲ್ಲ. ತಮಿಳು, ಮಲಯಾಳಗಳ ‘ಮರಂ’, ತುಳುವಿನ ‘ಮರ’ ಇವುಗಳಿಗೂ ಎರಡೂ ಅರ್ಥಗಳಿವೆ. ತೆಲುಗಿನ ‘ಮ್ರಾನು’, ‘ಮಾನು’ ಕೂಡ ಇದೇ ಬಳಗದ ಪದಗಳು. ಹಳಗನ್ನಡದಲ್ಲಿ ಇದು ‘ಮರಂ’ ಎಂದಿತ್ತು. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟೆಲ್ ಅವರ ನಿಘಂಟು ಎರಡು ಅರ್ಥಗಳನ್ನೂ ಒಂದೇ ಉಲ್ಲೇಖದ ಕೆಳಗೆ ಕೊಟ್ಟಿದೆ.

ಸಂಸ್ಕೃತದ ದಾರಿ ಬೇರೆ. ಅಮರಸಿಂಹನ ಸಂಸ್ಕೃತ ನಿಘಂಟಾದ ಅಮರಕೋಶದ ವನೌಷಧಿ ವರ್ಗದಲ್ಲಿ ನಿಂತ ಮರಕ್ಕೆ ವೃಕ್ಷ, ಮಹೀರುಹ, ಶಾಖೀ, ವಿಟಪೀ, ಪಾದಪ, ತರು, ದ್ರುಮ ಮುಂತಾದ ಹೆಸರುಗಳು ಒಂದು ಕಡೆ ಇವೆ. ಕಾಷ್ಠ ಮತ್ತು ದಾರು ಅಲ್ಲಿ ಇಲ್ಲ, ಅವು ಬೇರೆ ಸಾಲಿನಲ್ಲಿ ಬರುತ್ತವೆ. ಅದೇ ಸಾಲಿನಲ್ಲಿ, ಆದರೆ ಮತ್ತೊಂದು ಗುಂಪಾಗಿ, ಇಂಧನ, ಏಧ, ಇಧ್ಮ, ಸಮಿತ್ ಎಂಬ ಉರುವಲಿನ ಹೆಸರುಗಳು ಬರುತ್ತವೆ. ಅಂದರೆ ನಿಂತ ಮರ, ಮರದ ವಸ್ತು, ಸುಡುವ ಮರ ಎಂದು ಅಮರಸಿಂಹ ಮೂರು ಪಾಲು ಮಾಡಿದ್ದಾನೆ. ನಮ್ಮ ಶಾಲೆಯ ಸಮಾನಾರ್ಥಕಗಳ ಪಟ್ಟಿಗಳು ಈ ಮೂರನ್ನೂ ಒಂದೇ ಬುಟ್ಟಿಗೆ ಸುರಿದು ‘ಮರ’ದ ಮುಂದೆ ಬರೆಯುತ್ತವೆ. ‘ಮರ’ ಎಂಬ ಪದ ಅಷ್ಟು ಅಗಲವಾದುದರಿಂದ ಇದು ತಪ್ಪು ಎನ್ನಲಾಗದು. ಆದರೆ ಮಗುವಿನ ಕೈಯಲ್ಲಿ ‘ನಾನು ತರುವಿನ ಕುರ್ಚಿಯಲ್ಲಿ ಕುಳಿತೆ’, ‘ಹಕ್ಕಿ ಕಾಷ್ಠದ ಮೇಲೆ ಗೂಡು ಕಟ್ಟಿತು’ ಎಂಬ ವಾಕ್ಯಗಳನ್ನು ಬರೆಸುವುದು ಇಂಥ ಪಟ್ಟಿಗಳೇ.

ಇನ್ನು ಕಟ್ಟಿಗೆಯ ವಿಚಾರ. ಇದು ಅಚ್ಚ ದ್ರಾವಿಡ ಪದ. ತೆಲುಗಿನ ‘ಕಟ್ಟೆ’ ಎಂದರೆ ಸೌದೆ ಅಥವಾ ಕೋಲು, ತಮಿಳಿನ ‘ಕಟ್ಟೈ’ ಎಂದರೆ ಮರದ ತುಂಡು. ಕರ್ನಾಟಕದಲ್ಲಿ ಇದರ ಅರ್ಥ ಊರಿನಿಂದ ಊರಿಗೆ ಹಿಗ್ಗುತ್ತದೆ, ಕುಗ್ಗುತ್ತದೆ. ಧಾರವಾಡ, ಬೆಳಗಾವಿಗಳ ಕಡೆ ನಿಂತ ಮರವನ್ನು ‘ಗಿಡ’ ಎನ್ನುವ ರೂಢಿ ಬಲವಾಗಿದೆ. ಬೇವಿನ ಗಿಡ, ಹುಣಸಿ ಗಿಡ ಎಂದರೆ ಅಲ್ಲಿ ಮನೆಗಿಂತ ಎತ್ತರದ ಮರವೇ. ಅಲ್ಲಿ ಕಟ್ಟಿಗೆ ಎಂದರೆ ವಸ್ತುವಾದ ಮರ. ಕಟ್ಟಿಗೆ ಬಾಗಿಲು, ಕಟ್ಟಿಗೆ ಕಂಬ, ಕಟ್ಟಿಗೆ ಕುರ್ಚಿ ಎಂಬ ಮಾತುಗಳು ಅಲ್ಲಿ ತೀರ ಸಹಜ, ಒಲೆಗೆ ಇಡುವುದೂ ಕಟ್ಟಿಗೆಯೇ. ಹಳಿಯಾಳ, ಮುಂಡಗೋಡಗಳು ನಮ್ಮ ಉತ್ತರ ಕನ್ನಡ ಜಿಲ್ಲೆಯವಾದರೂ ಮಾತಿನಲ್ಲಿ ಧಾರವಾಡದ ಸೀಮೆಗೆ ಹತ್ತಿರ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಘಟ್ಟದ ಮೇಲೂ ಕುಮಟಾ, ಹೊನ್ನಾವರ, ಅಂಕೋಲಾದ ಕರಾವಳಿಯಲ್ಲೂ ಗಿಡ ಎಂದರೆ ಚಿಕ್ಕದು, ಮರ ಎಂದರೆ ದೊಡ್ಡದು. ಬಾಗಿಲು, ಕಂಬ ಎಲ್ಲವೂ ಮರದವು. ವಸ್ತುವಿನ ಅರ್ಥವನ್ನೂ ‘ಮರ’ವೇ ಹೊತ್ತಿರುವುದರಿಂದ ಕಟ್ಟಿಗೆಗೆ ಇಲ್ಲಿ ಒಲೆಯ ಕೆಲಸವೊಂದೇ ಉಳಿದಿದೆ. ಘಟ್ಟದ ಮೇಲಿನ ಮನೆಯಲ್ಲಿ ‘ಕಟ್ಟಿಗೆ ಬಾಗಿಲು’ ಎಂದರೆ ಕಟ್ಟಿಗೆ ಇಡುವ ಕೋಣೆಯ ಬಾಗಿಲು ಎಂದೇ ತಿಳಿದಾರು. ಹೀಗಾಗಿ ಜಗಳವಾಡಿದ ಮಕ್ಕಳು ತಮ್ಮ ತಮ್ಮ ಮನೆಯ ಕನ್ನಡವನ್ನು ಸರಿಯಾಗಿಯೇ ಬಲ್ಲವರು.

ಸಮಾನಾರ್ಥಕವೋ ಅಲ್ಲವೋ ಎಂದು ನೋಡಲು ಕ್ರಿಯಾಪದವನ್ನು ಜೊತೆಗಿಡುವುದು ಒಳ್ಳೆಯ ಉಪಾಯ. ನಾವು ಮರವನ್ನು ಕಡಿಯುತ್ತೇವೆ. ಉರುಳಿದ ಮೇಲೆ ಸವರಿ, ತುಂಡು ಮಾಡಿ, ದಿಮ್ಮಿಯನ್ನು ಕೊಯ್ಯಿಸುತ್ತೇವೆ. ಕೊಯ್ದ ಹಲಗೆಯನ್ನು ಆಚಾರಿ ಉಜ್ಜುಗೊರಡಿನಿಂದ ಕೀಸುತ್ತಾನೆ. ಕಟ್ಟಿಗೆಯನ್ನು ಒಡೆಯುತ್ತೇವೆ ಅಥವಾ ಸೀಳುತ್ತೇವೆ, ಒಟ್ಟುತ್ತೇವೆ, ಹೊರೆ ಕಟ್ಟುತ್ತೇವೆ. ಪುಳ್ಳೆಯನ್ನು ಆರಿಸುತ್ತೇವೆ. ಈ ಜೋಡಿಗಳನ್ನು ಅದಲುಬದಲು ಮಾಡಿದರೆ ಮಾತು ಕುಂಟುತ್ತದೆ. ‘ಕಾಷ್ಠ ಒಡೆದ’, ‘ದಾರು ಸೀಳಿದ’ ಎಂದು ಯಾವ ಊರಿನಲ್ಲೂ ಯಾರೂ ಹೇಳುವುದಿಲ್ಲ. ಹಾಗಾಗಿ ತಾವು ಅಂಕ ಕೊಡಿ, ಮುಂದಿನ ಸಲ ಪದದ ಜೊತೆಗೆ ಒಂದೊಂದು ವಾಕ್ಯವನ್ನೂ ಕೇಳಿ. ಹಳಿಯಾಳದ ಹುಡುಗ ‘ನಮ್ಮ ಮನಿ ಬಾಗಲಾ ಕಟ್ಟಿಗೀದು’ ಎಂದು ಬರೆದರೆ ಅದನ್ನು ತಿದ್ದದೆ, ಅದು ಯಾವ ಸೀಮೆಯ ಮಾತು ಎಂದು ಇಡೀ ತರಗತಿಗೆ ಹೇಳಿದರೆ ಮಕ್ಕಳಿಗೆ ಪಟ್ಟಿಗಿಂತ ಹೆಚ್ಚು ಕನ್ನಡ ಸಿಗುತ್ತದೆ ಎಂದು ನಾನು ದೃಢವಾಗಿ ನಂಬುತ್ತೇನೆ.

ಪ್ರಶ್ನೆ: ಮನೆ ಕಟ್ಟಿಸಲು ಹೊರಟಿದ್ದೇನೆ. ಅರಣ್ಯ ಇಲಾಖೆಯ ಕಾಗದದಲ್ಲಿ ‘ನಾಟಾ’ ಎಂದಿದೆ, ತಂದೆಯವರು ‘ಮರಮುಟ್ಟು’ ಎನ್ನುತ್ತಾರೆ, ಮೈಸೂರಿನ ಬೀಗರು ‘ಚೌಬೀನೆ’ ಎನ್ನುತ್ತಾರೆ. ಇವೆಲ್ಲ ಒಂದೆಯೇ? ಬರವಣಿಗೆಯಲ್ಲಿ ಯಾವುದನ್ನು ಬಳಸಬೇಕು? (ಶಿರಸಿಯಿಂದ ಒಬ್ಬ ಓದುಗರು)

ಉತ್ತರ: ಮೂರೂ ಪದಗಳು ಕೆಲಸಕ್ಕೆ ಒದಗುವ ಮರವನ್ನೇ ಹೇಳುತ್ತವೆ, ಅಂದರೆ ಸುಡುವುದಕ್ಕಲ್ಲ, ಕಟ್ಟುವುದಕ್ಕೆ ಎಂದು ಬೇರೆ ತೆಗೆದ ಮರ. ‘ಮರಮುಟ್ಟು’ ಎಂಬುದರಲ್ಲಿ ‘ಮುಟ್ಟು’ ಎಂದರೆ ಉಪಕರಣ, ಸಾಮಗ್ರಿ. ಹಾಗಾಗಿ ಮನೆಗೆ ಬೇಕಾದ ತೊಲೆ, ಜಂತಿ, ರೀಪು, ಚೌಕಟ್ಟು, ಹಲಗೆ ಎಲ್ಲವನ್ನೂ ಒಟ್ಟಾಗಿ ಹೇಳಬೇಕಾದಾಗ ತಮ್ಮ ತಂದೆಯವರ ಪದಕ್ಕಿಂತ ಚೊಕ್ಕವಾದದ್ದು ಇಲ್ಲ. ‘ಚೌಬೀನೆ’ ಹಳೆ ಮೈಸೂರಿನ ಪದ. ಪಾರಸಿಯ ‘ಚೋಬ್’ ಎಂದರೆ ಮರ, ಕೋಲು. ಅದರಿಂದ ಬಂದದ್ದು ಇದು. ಅರಮನೆಯಲ್ಲಿ ಬೆಳ್ಳಿಯ ಕೋಲು ಹಿಡಿದು ಮುಂದೆ ನಡೆಯುತ್ತಿದ್ದ ‘ಚೋಪದಾರ’ನ ಹೆಸರಿನಲ್ಲೂ ಅದೇ ಚೋಬ್ ಇದೆ. ‘ನಾಟಾ’ ನಮ್ಮ ಜಿಲ್ಲೆಯವರಿಗೆ ಅರಣ್ಯ ಇಲಾಖೆಯ ಮೂಲಕವೇ ಹೆಚ್ಚು ಪರಿಚಿತ. ದಾಂಡೇಲಿ, ಯಲ್ಲಾಪುರ, ಶಿರಸಿಗಳ ಕಡೆ ಡಿಪೋ, ಹರಾಜು, ಪರವಾನಿಗೆಗಳ ಮಾತು ಬಂದಲ್ಲೆಲ್ಲ ಈ ಪದ ಬರುತ್ತದೆ.

ನಿಂತ ಮರ ಯಾವಾಗ ನಾಟಾ ಆಗುತ್ತದೆ ಎಂಬುದು ಭಾಷೆಯ ಪ್ರಶ್ನೆಯಷ್ಟೇ ಕಾನೂನಿನ ಪ್ರಶ್ನೆಯೂ ಹೌದು. 1927ರ ಭಾರತೀಯ ಅರಣ್ಯ ಕಾಯ್ದೆಯ ವ್ಯಾಖ್ಯೆಯ ಪ್ರಕಾರ, ತಾನಾಗಿ ಬಿದ್ದ ಅಥವಾ ಕಡಿದು ಕೆಡವಿದ ಮರಗಳು ನಾಟಾದಲ್ಲಿ ಸೇರುತ್ತವೆ. ಸೀಳಿರಲಿ, ರೂಪ ಕೊಟ್ಟಿರಲಿ, ಒಳಗೆ ತೋಡಿರಲಿ, ಹಾಗೆಯೇ ಬಿಟ್ಟಿರಲಿ, ಎಲ್ಲ ಬಗೆಯ ಮರದ ವಸ್ತುವೂ ಅದರಲ್ಲಿ ಸೇರುತ್ತದೆ. ಅಂದರೆ ಬುಡ ನೆಲ ಬಿಟ್ಟ ಗಳಿಗೆಯಲ್ಲಿ ಹೆಸರು ಬದಲಾಗುತ್ತದೆ. ಅದೇ ಕಾಯ್ದೆ ‘ಮರ’ ಎಂಬುದರೊಳಗೆ ತಾಳೆಯ ಜಾತಿ, ಬಿದಿರು, ಬೊಡ್ಡೆ, ಕುರುಚಲು, ಬೆತ್ತ ಇವನ್ನೂ ಸೇರಿಸಿತ್ತು. 2017ರ ತಿದ್ದುಪಡಿಯಲ್ಲಿ ಬಿದಿರನ್ನು ಅದರಿಂದ ತೆಗೆದರು. ಬಿದಿರು ಹುಲ್ಲಿನ ಜಾತಿ ಎಂಬುದು ಸಸ್ಯಶಾಸ್ತ್ರಕ್ಕೆ ಮೊದಲೇ ಗೊತ್ತಿತ್ತು. ನಮ್ಮ ಜನರೂ ‘ಬಿದಿರು ಮೆಳೆ’ ಎನ್ನುತ್ತಿದ್ದರೇ ಹೊರತು ‘ಬಿದಿರಿನ ಮರ’ ಎನ್ನುತ್ತಿದ್ದುದು ಕಡಿಮೆ.

ಬರವಣಿಗೆಯ ಬಗ್ಗೆ ನನ್ನ ಅಭಿಪ್ರಾಯ ಇಷ್ಟು: ಕಚೇರಿಯ ಅರ್ಜಿಯಲ್ಲಿ ನಾಟಾ ಎಂದೇ ಬರೆಯಿರಿ, ಅಲ್ಲಿ ಅದಕ್ಕೆ ನಿಶ್ಚಿತ ಅರ್ಥವಿದೆ. ಮನೆಯ ಲೆಕ್ಕದ ಪುಸ್ತಕದಲ್ಲಿ ಮರಮುಟ್ಟು ಇರಲಿ. ಆದರೆ ಕಾಡಿನಲ್ಲಿ ಇನ್ನೂ ನಿಂತಿರುವುದನ್ನು ನಾಟಾ ಎಂದು ಕರೆಯುವ ಅಭ್ಯಾಸ ಪತ್ರಿಕೆಗಳಲ್ಲಿ ಕಾಣುತ್ತದೆ, ಅದು ನನಗೆ ಸಮ್ಮತವಲ್ಲ. ‘ಆ ಬೆಟ್ಟದಲ್ಲಿ ಇಷ್ಟು ನಾಟಾ ಇದೆ’ ಎಂದಾಗ ಹಕ್ಕಿ, ಜೇನು, ನೀರು, ನೆರಳು ಇವೆಲ್ಲ ಲೆಕ್ಕದಿಂದ ಬಿದ್ದುಹೋಗುತ್ತವೆ, ಕೊಯ್ದು ಬರುವ ಘನ ಅಡಿ ಮಾತ್ರ ಉಳಿಯುತ್ತದೆ. 1983ರ ಸೆಪ್ಟೆಂಬರ್‌ನಲ್ಲಿ ತಮ್ಮದೇ ತಾಲೂಕಿನ ಸಾಲ್ಕಣಿಯ ಕಡೆಯ ಜನ ಕಡಿತವನ್ನು ತಡೆಯಲು ಅಪ್ಪಿಕೊಂಡದ್ದು ಮರಗಳನ್ನು. ಅದೇ ಕಾಂಡಗಳು ಇಲಾಖೆಯ ಕಡತದಲ್ಲಿ ಆಗಲೇ ನಾಟಾ ಆಗಿದ್ದವು. ಅಪ್ಪಿಕೋ ಚಳವಳಿ ‘ಉಳಿಸು, ಬೆಳೆಸು, ಬಳಸು’ ಎಂದಿತು. ಅದರಲ್ಲಿ ಬಳಸು ಎಂಬುದಕ್ಕೂ ಸ್ಥಾನವಿದೆ, ಆದರೆ ಅದು ಮೂರನೆಯದು. ಪದಗಳನ್ನೂ ಅದೇ ಕ್ರಮದಲ್ಲಿ ಬಳಸುವುದು ಸರಿಯೆಂದು ನನಗೆ ತೋರುತ್ತದೆ.

ದಿಮ್ಮಿ, ಕೊರಡು, ಬೊಡ್ಡೆ ಇವು ಒಂದೇ ಅಲ್ಲವೇ ಎಂದೂ ತಾವು ಕೇಳಿದ್ದೀರಿ. ದಿಮ್ಮಿ ಎಂದರೆ ಸವರಿ, ಅಳತೆಗೆ ಕತ್ತರಿಸಿದ ದೊಡ್ಡ ತುಂಡು. ಬೊಡ್ಡೆ ಎಂದರೆ ಬುಡದ ದಪ್ಪನೆಯ ಭಾಗ. ಕೊರಡಿನಲ್ಲಿ ಜೀವವಿಲ್ಲ, ಚಿಗುರುವ ಆಸೆಯಿಲ್ಲ. ಬಸವಣ್ಣನವರು ‘ನೀನೊಲಿದರೆ ಕೊರಡು ಕೊನರುವುದಯ್ಯಾ’ ಎಂದಾಗ ಆ ಮಾತಿನ ಬಲವೆಲ್ಲ ಈ ಅರ್ಥದ ಮೇಲೆ ನಿಂತಿದೆ. ಅಲ್ಲಿ ದಿಮ್ಮಿ ಎಂದು ಹಾಕಿ ನೋಡಿದರೆ ವಚನವೇ ಸತ್ತುಹೋಗುತ್ತದೆ.

ಪ್ರಶ್ನೆ: ಕಾಷ್ಠ ಎಂದರೆ ಮರವಾದರೆ ‘ಪರಾಕಾಷ್ಠೆ’ಯಲ್ಲಿ ಮರ ಎಲ್ಲಿಂದ ಬಂತು? ದಾರು, ಕಾಷ್ಠ ಎಂಬ ಪದಗಳು ಈಗ ಎಲ್ಲಾದರೂ ಬಳಕೆಯಲ್ಲಿವೆಯೇ? (ಹೊನ್ನಾವರದಿಂದ ಒಬ್ಬ ಕಾಲೇಜು ವಿದ್ಯಾರ್ಥಿ)

ಉತ್ತರ: ಪರಾಕಾಷ್ಠೆಯಲ್ಲಿ ಮರ ಇಲ್ಲ. ‘ಕಾಷ್ಠ’ ಬೇರೆ, ‘ಕಾಷ್ಠಾ’ ಬೇರೆ. ಎರಡನೆಯದು ಸ್ತ್ರೀಲಿಂಗ ಪದ. ಅದಕ್ಕೆ ದಿಕ್ಕು, ಗಡಿ, ತಲುಪಬೇಕಾದ ಕೊನೆ ಎಂಬ ಅರ್ಥಗಳಿವೆ, ಹದಿನೆಂಟು ನಿಮೇಷಗಳ ಒಂದು ಕಾಲಮಾನಕ್ಕೂ ಅದೇ ಹೆಸರು. ‘ಪರಾ ಕಾಷ್ಠಾ’ ಎಂದರೆ ಆಚೆಯ ಕಟ್ಟಕಡೆಯ ಗಡಿ. ಸಿಟ್ಟಿನ ಪರಾಕಾಷ್ಠೆ, ಭಕ್ತಿಯ ಪರಾಕಾಷ್ಠೆ ಎನ್ನುವಾಗ ಇದೇ ಅರ್ಥ. ಮರದ ‘ಕಾಷ್ಠ’ ನಮ್ಮಲ್ಲಿ ಉಳಿದಿರುವುದು ‘ಕಾಷ್ಠಶಿಲ್ಪ’ದಲ್ಲಿ ಮತ್ತು ಕೊರಡಿನಂತೆ ತುಟಿ ಬಿಚ್ಚದೆ ಇರುವ ‘ಕಾಷ್ಠಮೌನ’ದಲ್ಲಿ.

ದಾರು ಇನ್ನೂ ಹೆಚ್ಚು ಗೌರವದ ಸ್ಥಾನದಲ್ಲಿದೆ. ಪುರಿಯ ಜಗನ್ನಾಥನನ್ನು ದಾರುಬ್ರಹ್ಮ ಎನ್ನುತ್ತಾರೆ. ನಮ್ಮ ಶಿರಸಿಯ ಮಾರಿಕಾಂಬೆಯ ಮೂರ್ತಿಯೂ ಮರದ್ದು. ಹುಲಿಯ ಮೇಲೆ ಕುಳಿತ, ಎಂಟು ಕೈಗಳ ಆ ದೊಡ್ಡ ವಿಗ್ರಹವನ್ನು ಬರಹದಲ್ಲಿ ‘ದಾರುವಿಗ್ರಹ’ ಎಂದರೆ ಪದ ಸರಿಯಾಗಿ ಕೂರುತ್ತದೆ. ಶಿರಸಿ, ಸಿದ್ದಾಪುರ, ಕುಮಟಾ, ಸಾಗರಗಳ ಗುಡಿಗಾರರು ಶ್ರೀಗಂಧದಲ್ಲೂ ಬೇರೆ ಮರಗಳಲ್ಲೂ ಕೆತ್ತುವ ಕೆಲಸಕ್ಕೂ ದಾರುಶಿಲ್ಪ, ಕಾಷ್ಠಶಿಲ್ಪ ಎಂಬ ಹೆಸರುಗಳು ಒಪ್ಪುತ್ತವೆ. ದಾರುವಿನ ದಾಯಾದಿಯಾದ ‘ದ್ರು’ ಎಂಬ ಪದಕ್ಕೂ ಮರ ಎಂದೇ ಅರ್ಥ, ದ್ರುಮದಲ್ಲಿ ಇರುವುದು ಅದೇ. ಮರವನ್ನು ತೋಡಿ ಮಾಡಿದ ತೊಟ್ಟಿಗೆ ದ್ರೋಣ, ದ್ರೋಣಿ ಎಂದರು. ‘ದೋಣಿ’ಯನ್ನು ನಮ್ಮ ವ್ಯಾಕರಣಗಳು ಇದೇ ದ್ರೋಣಿಯ ತದ್ಭವವೆಂದು ಎಣಿಸುತ್ತವೆ. ಶರಾವತಿಯ ದಡದವರಾದ ತಮಗೆ ಪಾತಿದೋಣಿಯ ಪರಿಚಯ ಇದ್ದೇ ಇರುತ್ತದೆ. ಒಂದೇ ಕಾಂಡವನ್ನು ಒಳಗೆ ತೋಡಿ ಮಾಡುವ ಆ ದೋಣಿಯಲ್ಲಿ ಪದದ ಹಳೆಯ ಅರ್ಥ ಅಕ್ಷರಶಃ ತೇಲುತ್ತಿದೆ. ಈಗ ಫೈಬರಿನಲ್ಲಿ ಮಾಡಿದ ದೋಣಿಗೂ ಅದೇ ಹೆಸರು ನಡೆಯುತ್ತದೆ.

ಪ್ರಶ್ನೆ: ನಮ್ಮ ಮನೆಮಾತು ಕೊಂಕಣಿ. ನಮ್ಮಲ್ಲಿ ಮರಕ್ಕೆ ‘ರೂಕು’, ಕಟ್ಟಿಗೆಗೆ ‘ಲಾಂಕುಡ’ ಎನ್ನುತ್ತೇವೆ. ಕನ್ನಡದಲ್ಲಿ ಕಟ್ಟಿಗೆ, ಸೌದೆ, ಉರುವಲು, ಪುಳ್ಳೆ ಎಂದು ಇಷ್ಟೊಂದು ಪದಗಳು ಏಕೆ? (ಕಾರವಾರದಿಂದ ಒಬ್ಬ ಗೃಹಿಣಿ)

ಉತ್ತರ: ತಮ್ಮ ಮಾತಿನಲ್ಲಿ ನಿಂತ ಮರಕ್ಕೆ ಒಂದು ಪದ, ವಸ್ತುವಿಗೆ ಇನ್ನೊಂದು ಪದ ಇದೆ. ಮರಾಠಿಯ ‘ಝಾಡ’, ‘ಲಾಕೂಡ’ಗಳೂ ಹೀಗೆಯೇ. ಆದ್ದರಿಂದ ಕೊಂಕಣಿ ಬಲ್ಲ ಕಾರವಾರದ ಮಗುವಿಗೆ, ಮೇಲಿನ ಕುಮಟಾದ ತರಗತಿಯಲ್ಲಿ ಎದ್ದ ತೊಡಕು ಮನೆಮಾತಿನಲ್ಲಿ ಎದುರಾಗುವುದೇ ಇಲ್ಲ.

ಕನ್ನಡದ ಪದಗಳಲ್ಲಿ ಕಟ್ಟಿಗೆ ಮತ್ತು ಸೌದೆಗಳ ವ್ಯತ್ಯಾಸ ಸೀಮೆಯದ್ದು. ಬೆಂಗಳೂರು, ಮೈಸೂರು, ತುಮಕೂರುಗಳಲ್ಲಿ ಸೌದೆ; ಉತ್ತರ ಕರ್ನಾಟಕದಲ್ಲೂ ನಮ್ಮಲ್ಲೂ ಕಟ್ಟಿಗೆ. ‘ಸೌದೆ ಒಲೆ’ ಎಂದು ಪುಸ್ತಕದಲ್ಲಿ ಓದಿದ ಅಂಕೋಲಾದ ಮಗು ಅದನ್ನು ಬೇರೊಂದು ಬಗೆಯ ಒಲೆ ಎಂದುಕೊಂಡರೆ ಆಶ್ಚರ್ಯವಿಲ್ಲ. ಉಳಿದ ಪದಗಳು ಸೀಮೆಯಿಂದಲ್ಲ, ವಸ್ತುವಿನಿಂದಲೇ ಬೇರೆ. ‘ಉರುವಲು’ ಉರಿಯುವುದಕ್ಕೆ ಸಂಬಂಧಿಸಿದ್ದು, ಅದರಲ್ಲಿ ಕಟ್ಟಿಗೆಯ ಜೊತೆಗೆ ತೆಂಗಿನ ಗರಿ, ಕಾಯಿಸಿಪ್ಪೆ, ಅಡಿಕೆ ಸಿಪ್ಪೆ, ಬೆರಣಿ ಎಲ್ಲವೂ ಸೇರುತ್ತವೆ. ‘ಪುಳ್ಳೆ’ ಎಂದರೆ ಕಡಿಯುವ ಅಗತ್ಯವಿಲ್ಲದೆ ಕೈಯಲ್ಲಿ ಮುರಿಯಬಹುದಾದ ಒಣ ಕಡ್ಡಿ. ಹಳಗನ್ನಡದಲ್ಲಿ ‘ಪುಳ್ಳಿ’ ಎಂದರೆ ಉರುವಲು. ಒಲೆ ಹೊತ್ತಿಸುವವರಿಗೆ ಇವುಗಳ ಅಂತರ ಹೇಳಿಕೊಡಬೇಕಾಗಿಲ್ಲ. ಬೆಂಕಿ ಹತ್ತುವುದು ಪುಳ್ಳೆಯಿಂದ, ನಿಲ್ಲುವುದು ಸೀಳಿದ ಕಟ್ಟಿಗೆಯಿಂದ, ರಾತ್ರಿಯಿಡೀ ಬಚ್ಚಲ ಹಂಡೆಯ ಕೆಳಗೆ ಕೆಂಡ ಉಳಿಯುವುದು ಒಡೆಯದೆ ಇಟ್ಟ ದಪ್ಪ ಕುಂಟೆಯಿಂದ. ಉರಿಯುತ್ತಿರುವ ಕಟ್ಟಿಗೆಯನ್ನು ಹೊರಗೆ ಎಳೆದರೆ ಅದು ‘ಕೊಳ್ಳಿ’, ಆರಿದ ಕೆಂಡ ‘ಇದ್ದಿಲು’. ಅಡಿಕೆ ಬೇಯಿಸುವ ಕಾಲದಲ್ಲಿ ಘಟ್ಟದ ಮೇಲಿನ ಮನೆಗಳಲ್ಲಿ ಕಟ್ಟಿಗೆಯ ಖರ್ಚು ಹೆಚ್ಚು. ಆದ್ದರಿಂದ ಮಳೆಗಾಲಕ್ಕೆ ಮುಂಚೆ ಕಡಿದು, ಒಡೆದು, ಬಿಸಿಲಿಗೆ ಒಣಗಿಸಿ, ಸೂರಿನ ಕೆಳಗೆ ಒಟ್ಟಿಡುವ ಕೆಲಸವನ್ನು ಅಲ್ಲಿ ಯಾರೂ ಮುಂದಕ್ಕೆ ಹಾಕುತ್ತಿರಲಿಲ್ಲ. ಹಸಿ ಕಟ್ಟಿಗೆಯ ತೂಕದಲ್ಲಿ ಸುಮಾರು ಅರ್ಧದಷ್ಟು ನೀರೇ ಇರಬಹುದಾದ್ದರಿಂದ ಬೆಂಕಿಯ ಶಾಖದಲ್ಲಿ ಒಂದು ಪಾಲು ಮೊದಲು ಆ ನೀರನ್ನು ಆರಿಸುವುದರಲ್ಲಿ ಕಳೆದುಹೋಗುತ್ತದೆ, ಹೊಗೆಯೂ ಹೆಚ್ಚುತ್ತದೆ. ಅಂಕೋಲಾ, ಕುಮಟಾ ಪೇಟೆಗಳಿಗೆ ಹಾಲಕ್ಕಿ ಹೆಂಗಸರು ತಲೆಯ ಮೇಲೆ ಕಟ್ಟಿಗೆ ತಂದು ಮಾರುತ್ತಿದ್ದಾಗ ‘ಹೊರೆ’ ಎಂಬುದೇ ಅಳತೆಯಾಗಿತ್ತು. ತಲೆ ತಾಳುವಷ್ಟು ಭಾರವೇ ಒಂದು ಹೊರೆ.

ತಮ್ಮ ಊರಿಗೆ ಸೇರಿದ ಇನ್ನೊಂದು ಸಂಗತಿಯನ್ನು ಇಲ್ಲಿ ಹೇಳಲೇಬೇಕು. ಕಡಲ ದಡದ ಗಾಳಿಮರ ನಮ್ಮ ದೇಶದಲ್ಲಿ ಮೊದಲು ನೆಡಲ್ಪಟ್ಟದ್ದು 1868ರಲ್ಲಿ, ಕಾರವಾರದಲ್ಲಿ. ಹಳೆ ಮೈಸೂರಿನವರು ಇದನ್ನೇ ಸರ್ವೆ ಮರ ಎನ್ನುತ್ತಾರೆ. ಉಸುಕಿನಲ್ಲಿ, ಉಪ್ಪು ಗಾಳಿಯಲ್ಲಿ ಬೇಗ ಬೆಳೆಯುವ ಇದರ ಕಟ್ಟಿಗೆ ಒಳ್ಳೆಯ ಬಿಸಿ ಕೊಡುತ್ತದೆ, ಪೂರ್ತಿ ಒಣಗದಿದ್ದರೂ ಹೊತ್ತಿಕೊಳ್ಳುತ್ತದೆ. ಉರುವಲಿನ ಇತಿಹಾಸದಲ್ಲಿ ಕಾರವಾರಕ್ಕೆ ಹೀಗೊಂದು ಜಾಗ ಇದೆ.

ಸಂಸ್ಕೃತದ ‘ಇಂಧನ’ ಈಗ ಪೆಟ್ರೋಲು, ಡೀಸೆಲ್ಲು, ಅನಿಲಗಳಿಗೆ ಸಂದಿದೆ. ಮೊದಲು ಅದು ಬೆಂಕಿ ಹೊತ್ತಿಸುವ ಕಟ್ಟಿಗೆಯ ಹೆಸರಾಗಿತ್ತು. ‘ಸಮಿಧೆ’ ಮಾತ್ರ ಹೋಮಕುಂಡದ ಪಕ್ಕವನ್ನು ಬಿಟ್ಟು ಕದಲಿಲ್ಲ. ನವಗ್ರಹ ಹೋಮಕ್ಕೆ ಎಕ್ಕೆ, ಮುತ್ತುಗ, ಖದಿರ, ಉತ್ತರಣೆ, ಅರಳಿ, ಅತ್ತಿ, ಶಮೀ ಇವುಗಳ ಕಡ್ಡಿಗಳ ಜೊತೆಗೆ ಗರಿಕೆ ಮತ್ತು ದರ್ಭೆಯೂ ಬೇಕು. ಹುಲ್ಲೂ ಸಮಿಧೆಯಾಗಬಲ್ಲುದಾದ್ದರಿಂದ ‘ಸಮಿಧೆ ಎಂದರೆ ಕಟ್ಟಿಗೆ’ ಎಂದು ನೇರವಾಗಿ ಬರೆಯುವುದು ಪೂರ್ಣ ಸರಿಯಾಗದು.

ಪ್ರಶ್ನೆ: ನಮ್ಮ ಆಚಾರಿಯವರು ಮರ ನೋಡಿದ ಕೂಡಲೇ ‘ಕೆಚ್ಚು ಎಷ್ಟಿದೆ’ ಎಂದು ಕೇಳುತ್ತಾರೆ. ಕೆಚ್ಚು ಎಂದರೆ ತಿರುಳೇ? ಧೈರ್ಯಕ್ಕೂ ಕೆಚ್ಚು ಎನ್ನುತ್ತೇವಲ್ಲ? (ಸಿದ್ದಾಪುರದಿಂದ ಒಬ್ಬ ಕೃಷಿಕರು)

ಉತ್ತರ: ಕೆಚ್ಚು ತಿರುಳಲ್ಲ. ತಿರುಳು ಎಂದರೆ ನಡುವಿನ ಮೆದು ಭಾಗ, ಹಣ್ಣಿಗೂ ಅನ್ವಯಿಸುವ ಮಾತು. ಕೆಚ್ಚು ಅದಕ್ಕೆ ತದ್ವಿರುದ್ಧವಾಗಿ ಮರದ ಒಳಗಿನ ಗಟ್ಟಿ ಭಾಗ, ಇದಕ್ಕೆ ‘ಚೇಗು’ ಎಂಬ ಹಳೆಯ ಪದವೂ ಇದೆ. ಮರ ಬೆಳೆದಂತೆ ಹೊರಗಿನ ಪದರಗಳು ಮಾತ್ರ ಬೇರಿನಿಂದ ನೀರು ಸಾಗಿಸುತ್ತವೆ. ಒಳಗಿನ ಹಳೆಯ ಪದರಗಳ ಜೀವಕೋಶಗಳು ಸತ್ತು, ನಾಳಗಳು ಮುಚ್ಚಿಕೊಂಡು, ಅಲ್ಲಿ ರಾಳ, ಬಣ್ಣ, ಒಗರುಗಳು ತುಂಬಿಕೊಳ್ಳುತ್ತವೆ. ಹುಳುಗಳಿಗೂ ಬೂಷ್ಟಿಗೂ ಅದು ರುಚಿಸುವುದಿಲ್ಲ. ಹೊರಗಿನ ಬಿಳಿ ಭಾಗದಲ್ಲಿ ಪಿಷ್ಟ ಇರುವುದರಿಂದ ಹುಳು ಬೀಳುವುದು ಅಲ್ಲಿಯೇ. ಹಲಸಿನ ಹಳದಿ, ಬೀಟೆಯ ಕಪ್ಪು ನೇರಳೆ, ಸಾಗವಾನಿಯ ಹೊಂಗಂದು ಎಲ್ಲವೂ ಕೆಚ್ಚಿನ ಬಣ್ಣಗಳು. ಶ್ರೀಗಂಧದ ಪರಿಮಳ ಇರುವುದೂ ಕೆಚ್ಚಿನಲ್ಲಿ ಮತ್ತು ಬೇರಿನಲ್ಲಿ, ಹೊರಗಿನ ಬಿಳಿಯಲ್ಲಿ ಪರಿಮಳವಿಲ್ಲ. ಹಾಗಾಗಿ ಆಚಾರಿಯವರು ಕೇಳುವುದು ಸುತ್ತಳತೆಗಿಂತ ಮುಖ್ಯವಾದ ಪ್ರಶ್ನೆ. ಸುತ್ತಳತೆ ದೊಡ್ಡದಿದ್ದೂ ಕೆಚ್ಚು ಸಣ್ಣದಾದ ಎಳೆಯ ಮರ ಬಾಗಿಲ ಚೌಕಟ್ಟಿಗೆ ಬಂದರೆ ಕೆಲವೇ ಮಳೆಗಾಲಗಳಲ್ಲಿ ಹಿಟ್ಟು ಉದುರತೊಡಗುತ್ತದೆ. ಎಷ್ಟೋ ಮನೆಗಳಲ್ಲಿ ಇದನ್ನು ಕಡೆಗಣಿಸಿ, ಬಣ್ಣ ಬಳಿದ ಮೇಲೆ ಎಲ್ಲ ಮರವೂ ಒಂದೇ ಎಂದು ಭಾವಿಸುತ್ತಿರುವುದು ದುಃಖದ ವಿಷಯ.

ಕೆಚ್ಚಿನ ನಿಯಮ ನಡೆಯದ ಮರವೊಂದು ತಮ್ಮ ತೋಟದಲ್ಲೇ ಇದೆ. ಅಡಿಕೆ, ತೆಂಗು, ಬಗಿನೆಗಳು ತಾಳೆಯ ಜಾತಿಯವು, ಅವುಗಳ ಗಟ್ಟಿತನ ಇರುವುದು ಹೊರಗೆ, ನಡು ಮೆದು. ಅಡಿಕೆ ಮರವನ್ನು ಸೀಳಿ, ಒಳಗಿನ ನಾರು ನಾರಾದ ಮೆದು ಭಾಗವನ್ನು ಕೆತ್ತಿ ತೆಗೆದ ಮೇಲೆ ಉಳಿಯುವ ಹೊರಮೈಯೇ ‘ದಬ್ಬೆ’. ಅಡಿಕೆ ಒಣಗಿಸುವ ಅಟ್ಟಕ್ಕೂ ಬೇಲಿಗೂ ಚಪ್ಪರಕ್ಕೂ ಒದಗುವ ದಬ್ಬೆಯನ್ನು ನಾಟಾ ಎಂದಾಗಲಿ ಹಲಗೆ ಎಂದಾಗಲಿ ನಮ್ಮ ಕಡೆ ಯಾರೂ ಕರೆಯುವುದಿಲ್ಲ, ಅದಕ್ಕೆ ಅದೇ ಹೆಸರು. ‘ಅಡಿಕೆ ಮರ’ ಎನ್ನುತ್ತೇವೆ, ಆದರೆ ಅದರಿಂದ ಸಿಗುವುದನ್ನು ‘ಮರ’ ಎನ್ನುವುದಿಲ್ಲ. ಈ ಅಂಕಣದ ಮೊದಲ ಉತ್ತರದಲ್ಲಿ ಹೇಳಿದ ಎರಡು ಅರ್ಥಗಳು ಒಂದನ್ನೊಂದು ಬಿಟ್ಟು ನಿಲ್ಲುವ ಅಪರೂಪದ ಜಾಗ ಇದು. ಇನ್ನು ಪೂರ್ತಿ ಮೆದುವಾಗಿ, ಹಗುರವಾಗಿ ಇರುವುದು ‘ಬೆಂಡು’. ಗುಡಿಗಾರರು ಬಾಸಿಂಗ ಮಾಡುವುದು ಅದರಿಂದ.

ಧೈರ್ಯದ ಕೆಚ್ಚು ಇದೇ ಕೆಚ್ಚು. ಒಳಗಿನ ಗಟ್ಟಿತನ ಎಂಬ ಅರ್ಥ ಮನುಷ್ಯನಿಗೆ ಬಂದು ‘ಕೆಚ್ಚೆದೆ’ ಆಯಿತು. ಮರದಿಂದ ಮೈಗೆ ಬಂದ ಇನ್ನೊಂದು ಮಾತು ‘ಮರಗಟ್ಟು’. ಚಳಿಗೆ ಬೆರಳು ಮರಗಟ್ಟಿತು ಎಂದರೆ ಸ್ಪರ್ಶ ತಿಳಿಯದಂತಾಯಿತು ಎಂದು. ಒಂದೇ ಮರದಿಂದ ಧೈರ್ಯಕ್ಕೂ ಜಡತೆಗೂ ಪದ ಬಂದಿದೆ. ‘ಮರೆ’, ‘ಮರವೆ’ಗಳನ್ನು ಇದಕ್ಕೆ ಸೇರಿಸಬಾರದು. ಮರೆಯುವುದರಲ್ಲಿ ಹಿಂದೆ ಇದ್ದದ್ದು ಱ ಎಂಬ ಬೇರೆ ಅಕ್ಷರ. ಆ ಅಕ್ಷರ ಬಳಕೆಯಿಂದ ಹೋದ ಮೇಲೆ ಎರಡೂ ಒಂದೇ ರೀತಿ ಕಾಣುತ್ತಿವೆ.

ಪ್ರಶ್ನೆ: ಗೌರಿ ಹಬ್ಬದಲ್ಲಿ ‘ಮರದ ಬಾಗಿನ’ ಎನ್ನುತ್ತಾರೆ. ಅದರಲ್ಲಿ ಮರದ ಸಾಮಾನು ಏನೂ ಕಾಣುವುದಿಲ್ಲವಲ್ಲ? (ಮೈಸೂರಿನಿಂದ ಮದುವೆಯಾಗಿ ಅಂಕೋಲಾಕ್ಕೆ ಬಂದ ಓದುಗರು)

ಉತ್ತರ: ಅಲ್ಲಿಯ ‘ಮರ’ ನಾವು ಇಷ್ಟು ಹೊತ್ತು ಮಾತಾಡಿದ ಮರ ಅಲ್ಲ, ಅದು ‘ಮೊರ’. ಧಾನ್ಯ ಕೇರುವ ಬಿದಿರಿನ ಮೊರವನ್ನು ಮೈಸೂರಿನ ಕಡೆ ಮಾತಿನಲ್ಲಿ ಮರ ಎನ್ನುತ್ತಾರೆ. ಬಾಗಿನದ ಸಾಮಾನುಗಳನ್ನು ಒಂದು ಮೊರದಲ್ಲಿ ಇಟ್ಟು ಇನ್ನೊಂದನ್ನು ಮುಚ್ಚಿ ಕೊಡುವುದರಿಂದ ಆ ಹೆಸರು ಬಂದಿದೆ. ತಮ್ಮ ಈಗಿನ ಊರಿನಲ್ಲಿ ಅದನ್ನು ‘ಗೆರಸಿ’ ಎನ್ನುತ್ತಾರೆ. ಅಂಗಡಿಯಲ್ಲಿ ‘ಬಾಗಿನಕ್ಕೆ ಮರ ಕೊಡಿ’ ಎಂದು ಕೇಳುವುದಕ್ಕಿಂತ ‘ಗೆರಸಿ ಕೊಡಿ’ ಎಂದರೆ ಬೇಗ ಸಿಕ್ಕೀತು.